ಕೊಯ್ದ ಹಣ್ಣು ಕೊಳೆಯದಂತೆ ಕಾಯುವ ಹದಿನಾಲ್ಕು ಸೂತ್ರಗಳು

ಜೂನ್ ತಿಂಗಳಲ್ಲಿ ಶ್ರೀನಿವಾಸಪುರದ ಮಂಡಿಗೆ ಬಂದ ಬಾದಾಮಿ ಮಾವಿನ ರಾಶಿ ನೋಡಿದರೆ ಒಂದು ಕಲೆಯೂ ಕಣ್ಣಿಗೆ ಬೀಳುವುದಿಲ್ಲ. ಅದೇ ಕಾಯಿ ಬೆಂಗಳೂರಿನ ಅಂಗಡಿ ಸೇರಿ, ನಾಲ್ಕೈದು ದಿನ ಕಳೆದು ಬಣ್ಣ ತಿರುಗುವ ಹೊತ್ತಿಗೆ ಮೈಮೇಲೆ ಕಪ್ಪು ಚುಕ್ಕಿಗಳು ಏಳುತ್ತವೆ. ಮರುದಿನ ಚುಕ್ಕಿಗಳು ಕೂಡಿಕೊಂಡು ಮಚ್ಚೆಯಾಗುತ್ತವೆ, ತೊಟ್ಟಿನ ಸುತ್ತ ಕಂದು ಬಣ್ಣ ಇಳಿಯುತ್ತದೆ. ರೈತನಿಗೆ ಬೆಲೆ ಕಡಿತ, ವ್ಯಾಪಾರಿಗೆ ನಷ್ಟ, ಕೊಂಡು ಹೋದವರಿಗೆ ಬೇಸರ.

ಇದಕ್ಕೆ ಸುಲಭದ ದಾರಿ ಎಂದು ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಕಾಯಿ ಅದ್ದುವವರಿದ್ದಾರೆ. ತಿನ್ನುವ ದಿನಕ್ಕೆ ಇಷ್ಟು ಹತ್ತಿರ ಬಂದ ಹಣ್ಣಿಗೆ ಔಷಧ ಹಾಕಿದರೆ ಅದು ಕರಗಿಹೋಗಲು ಸಮಯವಾದರೂ ಎಲ್ಲಿದೆ? 2012ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇದೇ ಕಾರ್ಬೆಂಡಜಿಮ್ ಪತ್ತೆಯಾದ ಕಾರಣಕ್ಕೆ ಹೊರದೇಶಗಳ ಕಿತ್ತಳೆ ರಸವನ್ನು ಬಂದರಿನಲ್ಲೇ ತಡೆಹಿಡಿಯಿತು. ಯುರೋಪ್ ಒಕ್ಕೂಟದಲ್ಲಿ ಈಗ ಈ ಔಷಧಕ್ಕೆ ಅನುಮತಿಯೇ ಇಲ್ಲ. ಮೇಲಾಗಿ ಕಿತ್ತಳೆ, ನಿಂಬೆಗೆ ಹತ್ತುವ ಬೂಷ್ಟಿನ ಹಲವು ತಳಿಗಳು ಈ ಗುಂಪಿನ ಔಷಧಗಳಿಗೆ ಎಂದೋ ಒಗ್ಗಿಕೊಂಡಿವೆ.

ಹಾಗೆಂದು ರಾಸಾಯನಿಕದ ಬಾಟಲಿ ಎಸೆದು ಅದರ ಜಾಗಕ್ಕೆ ಬೇವಿನೆಣ್ಣೆಯದೋ ಅರಿಸಿನದ್ದೋ ಬಾಟಲಿ ತಂದಿಟ್ಟರೆ ಕೆಲಸ ಆಗುವುದಿಲ್ಲ. ಒಂದೇ ಏಟಿಗೆ ಎಲ್ಲ ಬೂಷ್ಟನ್ನೂ ಕೊಲ್ಲುವ ನೈಸರ್ಗಿಕ ಮದ್ದು ಇಲ್ಲ. ಇರುವುದು ಸಣ್ಣ ಸಣ್ಣ ಅಡೆತಡೆಗಳು. ಒಂದು ಅಡೆತಡೆ ಬೂಷ್ಟನ್ನು ಕಾಲು ಭಾಗ ತಡೆದರೆ ಇನ್ನೊಂದು ಅರ್ಧ ತಡೆಯುತ್ತದೆ. ಯಾವ ಹಣ್ಣಿಗೆ ಯಾವ ಬೂಷ್ಟು, ಅದು ಒಳಗೆ ಬರುವ ದಾರಿ ಯಾವುದು ಎಂದು ತಿಳಿದು ಈ ಅಡೆತಡೆಗಳನ್ನು ಒಂದರ ಹಿಂದೊಂದು ನಿಲ್ಲಿಸಿದವರು ಗೆಲ್ಲುತ್ತಾರೆ.

1. ಕೊಯ್ಲಿಗೆ ಮೊದಲೇ ಕೆಲಸ ಶುರು ಮಾಡಿ

ಮಾವಿನ ಕಪ್ಪು ಚುಕ್ಕಿಗೆ ಕಾರಣ ಚಿಬ್ಬು ರೋಗ, ಅದನ್ನು ತರುವ ಶಿಲೀಂಧ್ರ ಕೊಲೆಟೋಟ್ರೈಕಮ್. ಅದು ಗೋದಾಮಿನಲ್ಲಿ ಹತ್ತುವ ರೋಗವಲ್ಲ. ಮಿಡಿ ಎಳೆಯದಾಗಿರುವಾಗಲೇ ಮಳೆಹನಿಯ ಜತೆ ಬೀಜಕಣ ಬಂದು ಕೂರುತ್ತದೆ, ಒದ್ದೆ ಸಿಪ್ಪೆಯ ಮೇಲೆ ಮೊಳೆಯುತ್ತದೆ, ಕಪ್ಪು ಗುಂಡಿಯಂಥ ಅಂಗವೊಂದನ್ನು ಬೆಳೆಸಿ ಸಿಪ್ಪೆಯ ಮೇಲ್ಪದರಕ್ಕೆ ಮೊಳೆ ಹೊಡೆದಂತೆ ಒಳನುಗ್ಗಿ, ಅಲ್ಲೇ ಸುಮ್ಮನಾಗುತ್ತದೆ. ತಿಂಗಳುಗಟ್ಟಲೆ ಕಾಯುತ್ತದೆ. ಕಾಯಿ ಹಣ್ಣಾಗಲು ಹೊರಟಾಗ ಎಚ್ಚರಗೊಳ್ಳುತ್ತದೆ. ಕೊಯ್ದ ಮೇಲೆ ಹೊರಗಿನಿಂದ ಏನನ್ನು ಬಳಿದರೂ ಪೂರ್ತಿ ಫಲ ಸಿಗದಿರುವುದು ಈ ಕಾರಣಕ್ಕೆ. ತಿಪ್ಪರಲಾಗ ಹಾಕಿದರೂ ಒಳಗಿರುವುದನ್ನು ಮೇಲಿನ ಲೇಪ ಮುಟ್ಟುವುದಿಲ್ಲ.

ಆದ್ದರಿಂದ ಕಳೆದ ವರ್ಷದ ಒಣಗಿದ ರೆಂಬೆ, ಮರದಲ್ಲೇ ಕರಿಕಾಗಿ ನೇತಾಡುವ ಕಾಯಿ, ಒಣ ಹೂಗೊಂಚಲು, ಇವನ್ನೆಲ್ಲ ಸವರಿ ತೆಗೆದು ತೋಟದಿಂದ ಹೊರಗೆ ಸಾಗಿಸಿ. ಬೀಜಕಣಗಳ ತವರು ಅದೇ. ಕೊಯ್ಲು ಮುಗಿದ ಕೂಡಲೇ ನಡುವಿನ ಕೊಂಬೆ ತೆಗೆದು ಮರದ ಒಳಗೆ ಬಿಸಿಲು ಬೀಳುವಂತೆ ಮಾಡಿ. ಎಲೆ, ಕಾಯಿ ಬೇಗ ಒಣಗಿದಷ್ಟೂ ಬೀಜಕಣ ಮೊಳೆಯುವ ಅವಕಾಶ ಕಡಿಮೆ. ದುಬಾರಿ ಬಾದಾಮಿ, ಮಲ್ಲಿಕಾ ಇದ್ದರೆ ಕಾಯಿಗೆ ಕಾಗದದ ಚೀಲ ಕಟ್ಟಿ. ಚಿಬ್ಬು, ಹಣ್ಣುನೊಣ ಎರಡಕ್ಕೂ ಒಂದೇ ಅಡ್ಡಗೋಡೆ. ಕೂಲಿ ಹೆಚ್ಚಾಗುತ್ತದೆ ನಿಜ. ಸಿಪ್ಪೆಯ ಅಂದಕ್ಕೇ ಬೆಲೆ ಕೊಡುವ ಮಾರುಕಟ್ಟೆಯಲ್ಲಿ ಆ ಕೂಲಿ ಮರಳಿ ಬರುತ್ತದೆ.

2. ತೊಟ್ಟು ಬಿಟ್ಟು ಕೊಯ್ಯಿರಿ, ಸೊನೆಯನ್ನು ಅರಿತು ನಡೆಸಿ

ಈ ಒಂದು ಸೂತ್ರವನ್ನು ಸರಿಯಾಗಿ ಪಾಲಿಸಿದರೂ ಅರ್ಧ ಗೆದ್ದಂತೆ ಎಂಬುದು ನನ್ನ ದೃಢ ಅಭಿಪ್ರಾಯ. ಮರ ಕುಲುಕಿ, ದೋಟಿಯಿಂದ ಹೊಡೆದು ಬೀಳಿಸಿದ ಕಾಯಿಯ ತೊಟ್ಟು ಬುಡಕ್ಕೇ ಕಿತ್ತು ಬಂದಿರುತ್ತದೆ. ಸೊನೆ ಚಿಮ್ಮಿ ಸಿಪ್ಪೆಯ ಮೇಲೆ ಹರಿದು ಸುಡುತ್ತದೆ. ಸುಟ್ಟ ಗೆರೆಯೇ ಮುಂದೆ ಬೂಷ್ಟಿನ ಹಾದಿ. ಕಿತ್ತುಹೋದ ತೊಟ್ಟಿನ ಗುಳಿಯೋ, ತೊಟ್ಟು ಕೊಳೆ ತರುವ ಲ್ಯಾಸಿಯೋಡಿಪ್ಲೋಡಿಯಾ ಶಿಲೀಂಧ್ರಕ್ಕೆ ತೆರೆದಿಟ್ಟ ಬಾಗಿಲು.

ಸೊನೆ ಹೊರಗೆ ಬಿದ್ದರೆ ಕೆಡುಕು, ಒಳಗೇ ಉಳಿದರೆ ಕಾವಲು. ಕಾಯಿ ಮಾವಿನ ಸಿಪ್ಪೆಯಲ್ಲೂ ಸೊನೆಯಲ್ಲೂ ರಿಸಾರ್ಸಿನಾಲ್ ಜಾತಿಯ ರಾಸಾಯನಿಕಗಳಿವೆ. ಬೂಷ್ಟನ್ನು ತಡೆದು ನಿಲ್ಲಿಸುವ ಮಾವಿನ ಸ್ವಂತ ಶಿಲೀಂಧ್ರನಾಶಕ ಅದೇ. ಕಾಯಿ ಹಣ್ಣಾಗುತ್ತ ಬಂದಂತೆ ಅದರ ಪ್ರಮಾಣ ಕುಗ್ಗುತ್ತದೆ, ಒಳಗೆ ಕಾದು ಕೂತ ಚಿಬ್ಬು ಆಗ ತಲೆ ಎತ್ತುತ್ತದೆ. ಶ್ರೀಲಂಕಾ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಈ ಸಂಬಂಧವನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಮಾಡಬೇಕಾದ್ದು ಇಷ್ಟು: ಬಲೆ ಮತ್ತು ಕತ್ತಿ ಇರುವ ದೋಟಿಯಿಂದ ಬೆರಳುದ್ದದ ತೊಟ್ಟು ಬಿಟ್ಟು ಕತ್ತರಿಸಿ. ತೊಟ್ಟು ಉದ್ದವಿದ್ದರೆ ಸೊನೆ ಚಿಮ್ಮುವುದಿಲ್ಲ. ನೆರಳಿಗೆ ತಂದ ಮೇಲೆ ಕತ್ತರಿಯಿಂದ ಒಂದು ಸೆಂಟಿಮೀಟರಿನಷ್ಟು ಬಿಟ್ಟು ಉಳಿದದ್ದನ್ನು ತೆಗೆದು, ತೊಟ್ಟು ಕೆಳಗಾಗುವಂತೆ ಜಾಲರಿಯ ಮೇಲೆ ಬೋರಲು ಹಾಕಿ. ಹರಿಯುವಷ್ಟು ಸೊನೆ ಸಿಪ್ಪೆಗೆ ತಾಗದೆ ನೆಲಕ್ಕೆ ತೊಟ್ಟಿಕ್ಕಲಿ. ಕಾಯಿಯನ್ನು ಮಾತ್ರ ಬರಿ ಮಣ್ಣಿನ ಮೇಲೆ ಇಡಬೇಡಿ. ಮಣ್ಣಿನಲ್ಲಿರುವ ಕೊಳೆ ಶಿಲೀಂಧ್ರಗಳಿಗೆ ಹಸಿ ತೊಟ್ಟು ಸಿಕ್ಕಿದರೆ ಸಾಕು.

3. ಉಗುರು ಕತ್ತರಿಸಿ, ಕ್ರೇಟು ತೊಳೆಯಿರಿ

ಗಾಯವಿಲ್ಲದೆ ಒಳಬರಲಾಗದ ಬೂಷ್ಟುಗಳೇ ಹೆಚ್ಚು. ಕೊಯ್ಯುವವರ ಉಗುರು, ಬಿದಿರು ಬುಟ್ಟಿಯ ಸೀಳು, ಕ್ರೇಟಿನ ಮುರಿದ ಅಂಚು, ತುಂಬಿ ತುಳುಕಿದ ಪೆಟ್ಟಿಗೆಯ ಮೇಲೆ ಇನ್ನೊಂದು ಪೆಟ್ಟಿಗೆ: ಗಾಯ ಆಗುವುದು ಇಲ್ಲೇ. ಕ್ರೇಟಿನ ತಳಕ್ಕೆ ಕಾಗದ ಹಾಸಿ, ಅಂಚಿನಿಂದ ಎರಡು ಬೆರಳು ಕೆಳಗೆ ನಿಲ್ಲಿಸಿ. ಖಾಲಿ ಕ್ರೇಟುಗಳನ್ನು ಪ್ರತಿ ಬಾರಿ ತೊಳೆದು ಬಿಸಿಲಿಗೆ ಮಗುಚಿ ಹಾಕಿ. ಕೊಳೆತ ಹಣ್ಣಿನ ರಸ ಒಣಗಿ ಅಂಟಿಕೊಂಡ ಕ್ರೇಟಿನಲ್ಲಿ ಮುಂದಿನ ಸರಕು ತುಂಬಿದರೆ ಮುಂದೆ ಹೇಳುವ ಬಿಸಿನೀರು, ಸೋಡ ಯಾವುದೂ ಕಾಪಾಡುವುದಿಲ್ಲ.

4. ಬಿಸಿನೀರನ್ನು ನಂಬಿ, ಆದರೆ ಥರ್ಮಾಮೀಟರ್ ಹಿಡಿದು ನಂಬಿ

ಸಿಪ್ಪೆಯ ಕೆಳಗೆ ಅಡಗಿರುವ ಚಿಬ್ಬನ್ನು ವಿಷವಿಲ್ಲದೆ ತಲುಪಬಲ್ಲದ್ದು ಶಾಖ. ಮಾವಿಗೆ 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 5ರಿಂದ 10 ನಿಮಿಷ. ಹಳೆಯ, ಪಳಗಿದ ವಿಧಾನ. ಹಣ್ಣಿನ ತಿರುಳು ಬೇಯುವುದಿಲ್ಲ, ಸಿಪ್ಪೆಯಡಿಯ ಶಿಲೀಂಧ್ರ ಮಾತ್ರ ಸಾಯುತ್ತದೆ ಇಲ್ಲವೇ ಸೊರಗುತ್ತದೆ.

ಇದರಲ್ಲಿ ಕೈ ಸುಟ್ಟುಕೊಂಡವರು ಬಹುಪಾಲು ಅಂದಾಜಿನ ಮೇಲೆ ಕೆಲಸ ಮಾಡಿದವರು. 48 ಡಿಗ್ರಿಯಲ್ಲಿ ಹತ್ತೇ ನಿಮಿಷ ಇಟ್ಟರೆ ಚಿಬ್ಬಿಗೆ ಸಾಲದು. 55 ದಾಟಿತೋ ಸಿಪ್ಪೆ ಸುಟ್ಟು ಕಂದಾಗುತ್ತದೆ. ನಡುವೆ ಇರುವ ಜಾಗ ಬಹಳ ಕಿರಿದು. ನೂರು ಲೀಟರ್ ನೀರಿಗೆ 20 ಕಿಲೋ ಕಾಯಿ ಇಳಿಸಿದರೆ ಕಾಯಿಯ ತಂಪಿಗೆ ನೀರಿನ ಬಿಸಿ ಎರಡು ಮೂರು ಡಿಗ್ರಿ ಬೀಳುತ್ತದೆ. ಹಾಗಾಗಿ ಕಾಯಿ ಇಳಿಸಿದ ಮೇಲೆ ಅಳೆಯಿರಿ, ಮತ್ತೆ 52ಕ್ಕೆ ಏರಿದಾಗಿನಿಂದ ಸಮಯ ಎಣಿಸಿ. ನೀರನ್ನು ಸತತ ಕಲಕುತ್ತಿರಬೇಕು. ಒಲೆಯ ಮೇಲಿನ ಹಂಡೆಯಲ್ಲಿ ತಳದ ನೀರಿಗೂ ಮೇಲಿನ ನೀರಿಗೂ ಬಹಳ ವ್ಯತ್ಯಾಸವಿರುತ್ತದೆ, ತಳಕ್ಕೆ ತಾಗಿದ ಕಾಯಿ ಬೆಂದೇ ಹೋಗುತ್ತದೆ. ಜಾಲರಿ ಬುಟ್ಟಿಯಲ್ಲಿ ಕಾಯಿ ತುಂಬಿ, ತಳಕ್ಕೆ ಮುಟ್ಟದಂತೆ ತೂಗುಹಾಕಿ.

ಕೊಯ್ದ ದಿನವೇ, ತಪ್ಪಿದರೆ ಮರುದಿನದೊಳಗೆ ಈ ಕೆಲಸ ಮುಗಿಯಬೇಕು. ತಡವಾದಷ್ಟೂ ಚಿಬ್ಬು ಆಳಕ್ಕಿಳಿಯುತ್ತದೆ. ಬಲಿಯದ ಕಾಯಿಯನ್ನು ಬಿಸಿನೀರಿಗೆ ಹಾಕಬೇಡಿ, ಅದು ಶಾಖ ತಡೆಯುವುದಿಲ್ಲ. ಹೊರತೆಗೆದ ಮೇಲೆ ಶುದ್ಧ ತಣ್ಣೀರಿನಲ್ಲಿ ಹತ್ತು ನಿಮಿಷ ತಣಿಸಿ, ಫ್ಯಾನಿನ ಗಾಳಿಗೆ ಒಣಗಿಸಿ. ಒಂದು ಎಚ್ಚರಿಕೆ: ರಫ್ತಿಗೆ ಹಣ್ಣುನೊಣದ ಮೊಟ್ಟೆ, ಮರಿ ಕೊಲ್ಲಲು ಮಾಡುವ 48 ಡಿಗ್ರಿಯ ಒಂದು ಗಂಟೆಯ ಸ್ನಾನವೇ ಬೇರೆ. ಎರಡರ ಲೆಕ್ಕವನ್ನು ಕಲಸಿಕೊಳ್ಳಬೇಡಿ.

ಪರಂಗಿಗೆ ಸುಮಾರು 49 ಡಿಗ್ರಿಯಲ್ಲಿ 20 ನಿಮಿಷ ಎಂಬುದು ಬಹುಕಾಲದಿಂದ ಬಳಕೆಯಲ್ಲಿದೆ. ಇಸ್ರೇಲಿನ ಪ್ಯಾಕ್‌ಹೌಸ್‌ಗಳಲ್ಲಿ ಇನ್ನೊಂದು ಚುರುಕು ವಿಧಾನವಿದೆ: ಉರುಳುವ ಬ್ರಷ್‌ಗಳ ಮೇಲೆ ಹಣ್ಣು ಸಾಗುವಾಗ 55ರಿಂದ 62 ಡಿಗ್ರಿ ನೀರನ್ನು 15-20 ಸೆಕೆಂಡು ಮಾತ್ರ ಚಿಮುಕಿಸುತ್ತಾರೆ. ಕೊಳೆ ತೊಳೆಯುತ್ತದೆ, ಮೇಲಿನ ಬೀಜಕಣ ಸಾಯುತ್ತದೆ, ಸಿಪ್ಪೆಯ ಸಹಜ ಮೇಣ ಕರಗಿ ಹರಡಿ ಸಣ್ಣ ಬಿರುಕುಗಳನ್ನು ಮುಚ್ಚುತ್ತದೆ. ರೈತ ಉತ್ಪಾದಕ ಕಂಪನಿಗಳು ಒಟ್ಟಾಗಿ ಇಂಥ ಯಂತ್ರದ ಬಗ್ಗೆ ಯೋಚಿಸಬೇಕು.

5. ಒದ್ದೆ ಹಣ್ಣನ್ನು ಪೆಟ್ಟಿಗೆಗೆ ಹಾಕಬೇಡಿ

ತೊಳೆದ ಹಣ್ಣು ಒಣಗದೆ ಪೆಟ್ಟಿಗೆ ಸೇರಿದರೆ ತೊಳೆಯದಿದ್ದರೇ ವಾಸಿಯಿತ್ತು ಅನ್ನುವಂತಾಗುತ್ತದೆ. ತೊಟ್ಟಿಯ ನೀರನ್ನೂ ಬದಲಿಸುತ್ತಿರಿ. ಒಂದು ಕೊಳೆತ ಕಾಯಿ ಬಿದ್ದ ನೀರು ಅದರ ಬೀಜಕಣವನ್ನು ಉಳಿದ ಎಲ್ಲ ಕಾಯಿಗೂ ಹಂಚುತ್ತದೆ. ದ್ರಾಕ್ಷಿಯನ್ನಂತೂ ಕೊಯ್ದ ಮೇಲೆ ತೊಳೆಯಲೇಬಾರದು. ಅದರ ಮೈಮೇಲಿನ ಬಿಳಿ ಪುಡಿಯಂಥ ಮೇಣವೇ ಅದರ ರಕ್ಷಣೆ. ಒಡೆದ ಕಾಯಿಗಳನ್ನು ಗೊಂಚಲಿನಿಂದ ಕತ್ತರಿಸಿ ತೆಗೆದು ಬೇಗ ತಂಪಿಗೆ ಒಯ್ಯಿರಿ.

6. ಬೂಷ್ಟಿನ ರುಚಿ ತಿಳಿದುಕೊಳ್ಳಿ

ನೈಸರ್ಗಿಕ ಉಪಾಯಗಳು ಒಬ್ಬರಿಗೆ ಫಲಿಸಿ ಇನ್ನೊಬ್ಬರಿಗೆ ಕೈಕೊಡುವುದರ ಗುಟ್ಟು ಇಲ್ಲಿದೆ. ಶಿಲೀಂಧ್ರಗಳು ಹಣ್ಣಿನ ಅಂಗಾಂಶವನ್ನು ತಮಗೆ ಬೇಕಾದ ಹದಕ್ಕೆ ತಂದುಕೊಂಡು ತಿನ್ನುತ್ತವೆ. ನಿಂಬೆ, ಕಿತ್ತಳೆಯ ಹಸಿರು ಬೂಷ್ಟು ಪೆನಿಸಿಲಿಯಮ್ ಡಿಜಿಟೇಟಮ್ ಆಮ್ಲ ಸುರಿಸಿ ಗಾಯದ ಸುತ್ತ ಹುಳಿ ಹೆಚ್ಚಿಸಿಕೊಳ್ಳುತ್ತದೆ. ಸೇಬಿನ ನೀಲಿ ಬೂಷ್ಟಿನ ರೀತಿಯೂ ಅದೇ. ಮಾವು, ಬೆಣ್ಣೆಹಣ್ಣಿನ ಚಿಬ್ಬು ತರುವ ಕೊಲೆಟೋಟ್ರೈಕಮ್ ಅದಕ್ಕೆ ತದ್ವಿರುದ್ಧ. ಅಮೋನಿಯಾ ಬಿಟ್ಟು ಹುಳಿ ಮುರಿದು, ಕ್ಷಾರದ ಕಡೆಗೆ ತಿರುಗಿಸಿದರೇ ಅದರ ಕಿಣ್ವಗಳು ಕೆಲಸ ಮಾಡುವುದು. ಇಸ್ರೇಲಿನ ವಿಜ್ಞಾನಿ ಡೋವ್ ಪ್ರುಸ್ಕಿ ಮತ್ತು ಸಂಗಡಿಗರು ಇದನ್ನು ಬಿಡಿಸಿ ತೋರಿಸಿದವರು.

ಅಂದರೆ ಅಡುಗೆ ಸೋಡದ ಕ್ಷಾರ ನಿಂಬೆಯ ಬೂಷ್ಟಿಗೆ ಸಂಕಟ, ಮಾವಿನ ಚಿಬ್ಬಿಗೆ ಅನುಕೂಲವಾಗಬಹುದು. ನಿಂಬೆಗೆ ಒಳ್ಳೆಯದಾಯಿತೆಂದು ಅದೇ ತೊಟ್ಟಿಗೆ ಮಾವು ಅದ್ದಬೇಡಿ. ಮಾವಿಗೆ ಆಮ್ಲದ ಸಿಂಪಡಣೆಯನ್ನು ಇಸ್ರೇಲಿನಲ್ಲಿ ಬಳಸಿದ್ದುಂಟು. ಅದು ಪ್ಯಾಕ್‌ಹೌಸಿನಲ್ಲಿ ಅಳತೆಯ ಮೇಲೆ ನಡೆಯುವ ಕೆಲಸ. ಮನೆಯಂಗಳದಲ್ಲಿ ಆಮ್ಲದ ಕ್ಯಾನು ಬಿಚ್ಚುವ ಸಾಹಸ ಬೇಡ.

7. ನಿಂಬೆ, ಕಿತ್ತಳೆಗೆ ಅಡುಗೆ ಸೋಡ

ಮೊದಲು ರೋಗವನ್ನು ಗುರುತಿಸಿ. ನಿಂಬೆಯ ಮೇಲೆ ನೀರು ತುಂಬಿದಂತೆ ಮೆತ್ತಗಾದ ಒಂದು ಸಣ್ಣ ವೃತ್ತ ಕಾಣುತ್ತದೆ. ಬೆರಳಿಟ್ಟರೆ ಒಳಗಿಳಿಯುತ್ತದೆ. ಮರುದಿನ ಅದರ ಮೇಲೆ ಬಿಳಿ ನೂಲು, ಆಮೇಲೆ ನಡುವಿನಲ್ಲಿ ಆಲಿವ್ ಹಸಿರು ಪುಡಿ, ಸುತ್ತ ಅಗಲವಾದ ಬಿಳಿ ಅಂಚು. ಆ ಹಣ್ಣನ್ನು ಎತ್ತಿ ಝಾಡಿಸಿದಿರೋ ಹಸಿರು ಪುಡಿ ಹೊಗೆಯಂತೆ ಎದ್ದು ಇಡೀ ಕೋಣೆಗೆ ಹರಡುತ್ತದೆ. ಅದನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿ ಎತ್ತಿ, ಹೊರಗೆ ಒಯ್ದು ಹೂತುಬಿಡಿ. ಕೊಳೆಯುವ ಹಣ್ಣು ಎಥಿಲೀನ್ ಅನಿಲವನ್ನೂ ಬಿಟ್ಟು ಅಕ್ಕಪಕ್ಕದ ಹಣ್ಣುಗಳಿಗೆ ಬೇಗ ಮುಪ್ಪು ತರುತ್ತದೆ.

ಉಳಿದ ಹಣ್ಣುಗಳಿಗೆ ಲೀಟರ್ ನೀರಿಗೆ 30 ಗ್ರಾಂ ಅಡುಗೆ ಸೋಡ, ಅಂದರೆ ನೂರು ಲೀಟರಿಗೆ 3 ಕಿಲೋ. ಎರಡು ಮೂರು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ಹಗುರವಾಗಿ ಜಾಲಿಸಿ ಒಣಗಿಸಿ. ನೀರು 40-45 ಡಿಗ್ರಿ ಬೆಚ್ಚಗಿದ್ದರೆ ಪರಿಣಾಮ ಎದ್ದು ಕಾಣುತ್ತದೆ. ಕ್ಯಾಲಿಫೋರ್ನಿಯಾದ ಕಿತ್ತಳೆ ಬೆಳೆಗಾರರು ಶಿಲೀಂಧ್ರನಾಶಕಗಳು ಬರುವ ಮೊದಲೇ, 1920ರ ದಶಕದ ಹೊತ್ತಿಗೆ, ಬಿಸಿ ಸೋಡ ಮತ್ತು ಬೋರ್ಯಾಕ್ಸ್ ನೀರಿನಲ್ಲಿ ಹಣ್ಣು ತೊಳೆಯುತ್ತಿದ್ದರು. ಸೋಡ ಬೂಷ್ಟನ್ನು ಕೊಲ್ಲುವುದಕ್ಕಿಂತ ಗಾಯದಲ್ಲಿ ಮೊಳೆಯದಂತೆ ಹಿಡಿದಿಡುತ್ತದೆ. ಹಾಗಾಗಿ ಸೋಡದ ಸ್ನಾನ ಆದಮೇಲೆ ಹೊಸ ಗಾಯ ಮಾಡಿದರೆ ಆ ಗಾಯಕ್ಕೆ ರಕ್ಷಣೆ ಇಲ್ಲ.

ಬಳಸಿದ ಸೋಡ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಇಂಡಿ, ಸಿಂದಗಿ ಕಡೆಯ ಕಪ್ಪು ಮಣ್ಣಿಗೆ ಸೋಡಿಯಂ ಸೇರಿದಷ್ಟೂ ಮಣ್ಣು ಬಿಗಿಯುತ್ತದೆ.

8. ಗಾಯ ಮಾಯಲು ಎರಡು ದಿನ ಕೊಡಿ

ಕಿತ್ತಳೆ, ನಿಂಬೆ ಜಾತಿಯ ಹಣ್ಣುಗಳಿಗೆ ಸಿಪ್ಪೆಯ ಗಾಯವನ್ನು ತಾವೇ ಮುಚ್ಚಿಕೊಳ್ಳುವ ಶಕ್ತಿಯಿದೆ. ಸುಮಾರು 33ರಿಂದ 36 ಡಿಗ್ರಿ ಬೆಚ್ಚಗೆ, ಗಾಳಿಯಲ್ಲಿ ತೇವ ತುಂಬಿರುವಂತೆ ಎರಡು ಮೂರು ದಿನ ಇಟ್ಟರೆ ಗಾಯದ ಸುತ್ತ ಮರದಂಥ ಲಿಗ್ನಿನ್ ಕಟ್ಟಿ ಬೂಷ್ಟಿಗೆ ದಾರಿ ಮುಚ್ಚುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಬಿಸಿ ಪುಕ್ಕಟೆ ಸಿಗುತ್ತದೆ, ಕೊರತೆ ತೇವದ್ದು. ನೆರಳಿನಲ್ಲಿ ಕ್ರೇಟುಗಳನ್ನು ಜೋಡಿಸಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಳಗೆ ನೀರಿನ ತಟ್ಟೆ ಇಡಿ. ಹನಿ ಮಾತ್ರ ಹಣ್ಣಿನ ಮೇಲೆ ಬೀಳಬಾರದು. ಬಿಸಿಲಿಗೆ ಹಾಳೆಯೊಳಗೆ 40 ಡಿಗ್ರಿ ದಾಟದಂತೆ ನೋಡಿಕೊಳ್ಳಿ.

ನಿಂಬೆಯನ್ನು ಇಬ್ಬನಿ ಆರಿದ ಮೇಲೆ ಕೊಯ್ಯಿರಿ. ನಸುಕಿನಲ್ಲಿ ಸಿಪ್ಪೆ ನೀರುಂಡು ಬಿಗಿದಿರುತ್ತದೆ. ಸ್ವಲ್ಪ ಒತ್ತಿದರೂ ಎಣ್ಣೆಯ ಚೀಲ ಒಡೆದು ಕಲೆ ನಿಲ್ಲುತ್ತದೆ.

9. ಬಾಳೆಯ ಚಿಪ್ಪಿನ ಬುಡ ಕಾಯಿರಿ

ಬಾಳೆ ಹಾಳಾಗುವುದು ಚಿಪ್ಪು ಬಿಡಿಸಿದ ಕಡೆಯಿಂದ. ಮೊಂಡು ಕತ್ತಿಯಿಂದ ಹರಿದ ಗಾಯದ ನಾರಿನಲ್ಲಿ ಹಲವು ಶಿಲೀಂಧ್ರಗಳು ಒಟ್ಟಿಗೆ ಸಂಸಾರ ಹೂಡುತ್ತವೆ. ಹರಿತವಾದ, ತೊಳೆದ ಕತ್ತಿಯಿಂದ ಬುಡದ ತಿರುಳು ಸ್ವಲ್ಪ ದಪ್ಪಕ್ಕೆ ಉಳಿಯುವಂತೆ ಒಂದೇ ಏಟಿಗೆ ಕತ್ತರಿಸಿ, ಪಟಿಕದ ನೀರಿನಲ್ಲಿ ತೊಳೆಯಿರಿ. ಲೀಟರಿಗೆ 10 ಗ್ರಾಂ ಸಾಕು. ಹಾಲು ಕಟ್ಟಿ ನಿಲ್ಲುತ್ತದೆ, ಸಿಪ್ಪೆಗೆ ಕಲೆಯಾಗುವುದಿಲ್ಲ. ಸಿಪ್ಪೆ ತೆಳುವಾಗಿ ಬೇಗ ಮಾಗುವ ನಂಜನಗೂಡು ರಸಬಾಳೆಗೆ ಈ ಜೋಪಾನ ಇನ್ನೂ ಹೆಚ್ಚು ಬೇಕು.

10. ಒಳ್ಳೆಯ ಸೂಕ್ಷ್ಮಜೀವಿಗೆ ಮೊದಲ ಸೀಟು

ಹಣ್ಣಿನ ಗಾಯದಲ್ಲಿ ಸಕ್ಕರೆ ಒಸರುತ್ತದೆ. ಯಾರು ಮೊದಲು ಬಂದರೋ ಅವರದ್ದು. ನಿರಪಾಯಕಾರಿ ಯೀಸ್ಟ್ ಅಥವಾ ಬ್ಯಾಕ್ಟೀರಿಯಾ ಆ ಜಾಗ ಹಿಡಿದು ಸಕ್ಕರೆ ತಿಂದು ಮುಗಿಸಿದರೆ ಬೂಷ್ಟಿನ ಬೀಜಕಣಕ್ಕೆ ಮೊಳೆಯಲು ಅನ್ನವಿಲ್ಲ. 1984ರಲ್ಲಿ ಅಮೆರಿಕದ ಪ್ಯೂಸಿ ಮತ್ತು ವಿಲ್ಸನ್ ಎಂಬ ವಿಜ್ಞಾನಿಗಳು ಬ್ಯಾಸಿಲಸ್ ಸಬ್ಟಿಲಿಸ್‌ನಿಂದ ಪೀಚ್ ಹಣ್ಣಿನ ಕಂದು ಕೊಳೆ ತಡೆದದ್ದು ಈ ದಾರಿಯ ದೊಡ್ಡ ಹೆಜ್ಜೆ. 1995ರಲ್ಲಿ ಕ್ಯಾಂಡಿಡಾ ಓಲಿಯೋಫಿಲಾ ಯೀಸ್ಟಿನ ‘ಆಸ್ಪೈರ್’ ಎಂಬ ಉತ್ಪನ್ನ ಅಮೆರಿಕದಲ್ಲಿ ನೋಂದಣಿಯಾಯಿತು. ಸ್ಯೂಡೋಮೊನಾಸ್ ಸಿರಿಂಜೆಯ ‘ಬಯೋಸೇವ್’ ಕೂಡ ಅದೇ ಕಾಲದ್ದು.

‘ಆಸ್ಪೈರ್’ ಮಾರುಕಟ್ಟೆಯಲ್ಲಿ ಬಹುಕಾಲ ನಿಲ್ಲಲಿಲ್ಲ, ಅದಕ್ಕೆ ಕಾರಣವೂ ನಮಗೆ ಪಾಠ. ಜೀವಿ ಎಂದಮೇಲೆ ಅದು ಬದುಕಿರಬೇಕು, ಬೂಷ್ಟಿಗಿಂತ ಮೊದಲೇ ಗಾಯ ಸೇರಬೇಕು. ಈಗಾಗಲೇ ಒಳಸೇರಿದ ರೋಗವನ್ನು ಅದು ಗುಣಪಡಿಸುವುದಿಲ್ಲ. ಬಳಸುವುದಾದರೆ ಕೊಯ್ದ ಹಣ್ಣಿಗೆಂದೇ ನೋಂದಾಯಿಸಿದ ಸರಕನ್ನೇ ಕೊಳ್ಳಿ, ಅವಧಿ ನೋಡಿ, ತಂಪಿನಲ್ಲಿಡಿ, ಬಿಸಿನೀರಿನ ಸ್ನಾನ ಮುಗಿದು ಹಣ್ಣು ತಣಿದ ಮೇಲೆ ಹಾಕಿ. ಮಣ್ಣಿಗೆ ಹಾಕುವ ಟ್ರೈಕೋಡರ್ಮಾ ಪೊಟ್ಟಣವನ್ನು ತಿನ್ನುವ ಹಣ್ಣಿನ ಮೇಲೆ ಎರಚುವುದು ತಪ್ಪು.

11. ಓಮ, ಲವಂಗ, ದಾಲ್ಚಿನ್ನಿ: ಅಳತೆ ಮೀರದಂತೆ

ಓಮದ ಘಾಟಿಗೆ ಕಾರಣ ಥೈಮಾಲ್, ಲವಂಗದ್ದು ಯೂಜಿನಾಲ್, ದಾಲ್ಚಿನ್ನಿ ಚಕ್ಕೆಯದ್ದು ಸಿನಮಾಲ್ಡಿಹೈಡ್, ಮಜ್ಜಿಗೆಹುಲ್ಲಿನದ್ದು ಸಿಟ್ರಾಲ್. ನಾಲ್ಕೂ ಶಿಲೀಂಧ್ರದ ಜೀವಕೋಶದ ಪೊರೆಯನ್ನು ಹಾಳುಗೆಡವುತ್ತವೆ. ಪ್ರಯೋಗಾಲಯದ ತಟ್ಟೆಯಲ್ಲಿ ಇವುಗಳ ಆಟ ನೋಡಿದರೆ ಇನ್ನೇನು ಬೇಕು ಅನಿಸುತ್ತದೆ. ಹಣ್ಣಿನ ಮೇಲೆ ಹಾಗಲ್ಲ. ಬೂಷ್ಟು ಸಾಯುವಷ್ಟು ಹಾಕಿದರೆ ಸಿಪ್ಪೆ ಸುಡುತ್ತದೆ, ಬಾದಾಮಿ ಹಣ್ಣು ಲವಂಗದ ವಾಸನೆ ಹೊಡೆಯುತ್ತದೆ. ಇವುಗಳ ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲವಾದ್ದರಿಂದ ಹನಿಹನಿಯಾಗಿ ಕೂತ ಕಡೆ ಕಲೆ ನಿಲ್ಲುತ್ತದೆ.

ಹಣ್ಣಿಗೆ ನೇರ ತಾಗಿಸದೆ ಆವಿಯಾಗಿ ಕೊಡುವುದು ಒಳ್ಳೆಯ ದಾರಿ: ಹತ್ತಿಯ ಉಂಡೆಗೆ ಕೆಲವೇ ಹನಿ ಹಾಕಿ, ಮುಚ್ಚಿದ ಪೆಟ್ಟಿಗೆಯ ಮೂಲೆಯಲ್ಲಿ ಕಾಗದದ ಪೊಟ್ಟಣದಲ್ಲಿಡಿ. ಮೊದಲು ಹತ್ತು ಹಣ್ಣಿನ ಮೇಲೆ ನೋಡಿ, ಹಣ್ಣಾದ ಮೇಲೆ ಕತ್ತರಿಸಿ ತಿಂದು ರುಚಿ ಪರೀಕ್ಷಿಸಿ. ಬೇವಿನ ಸೊಪ್ಪು ಹಾಸಿದರೆ ಚಿಬ್ಬು ಬರುವುದಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ಸಿಪ್ಪೆಯ ಕೆಳಗಿರುವ ಶಿಲೀಂಧ್ರಕ್ಕೆ ಹಾಸಿದ ಸೊಪ್ಪು ಏನು ಮಾಡೀತು? ಹಸಿ ಸೊಪ್ಪಿನ ತೇವ ತೊಂದರೆಯನ್ನೇ ಹೆಚ್ಚಿಸೀತು.

12. ಲೋಳೆಸರ, ಕೈಟೊಸಾನ್, ಮೇಣ

ಹಣ್ಣಿನ ಮೇಲೆ ತಿನ್ನಬಹುದಾದ ತೆಳು ಪದರ ಕಟ್ಟಿದರೆ ನೀರು ಆರುವುದು ತಗ್ಗುತ್ತದೆ, ಉಸಿರಾಟ ನಿಧಾನವಾಗುತ್ತದೆ, ಮಾಗುವುದು ಮುಂದಕ್ಕೆ ಹೋಗುತ್ತದೆ. ಮಾಗುವುದು ತಡವಾದರೆ ಚಿಬ್ಬು ಏಳುವುದೂ ತಡ. 2005ರಲ್ಲಿ ಸ್ಪೇನಿನ ಸಂಶೋಧಕರು ದ್ರಾಕ್ಷಿಗೆ ಲೋಳೆಸರದ ತಿರುಳು ಲೇಪಿಸಿ ಪಡೆದ ಫಲಿತಾಂಶದಿಂದ ಈ ದಾರಿಗೆ ಬಲ ಬಂತು. ಲೋಳೆಸರದ ಎಲೆ ಕತ್ತರಿಸಿ ನಿಲ್ಲಿಸಿ, ಹಳದಿ ಕಹಿ ರಸ ಪೂರ್ತಿ ಹರಿದುಹೋದ ಮೇಲೆ ಒಳಗಿನ ತಿಳಿ ತಿರುಳನ್ನಷ್ಟೇ ರುಬ್ಬಿ ಸೋಸಿ, ಅಂದೇ ಬಳಸಿ. ಹಳಸಿದರೆ ಅದೇ ಬೂಷ್ಟಿಗೆ ಊಟ.

ಕೈಟೊಸಾನ್ ಇನ್ನೂ ಗಟ್ಟಿ ಆಳು. ಪದರವನ್ನೂ ಕಟ್ಟುತ್ತದೆ, ಶಿಲೀಂಧ್ರವನ್ನು ನೇರವಾಗಿ ತಡೆಯುತ್ತದೆ, ಹಣ್ಣಿನ ಸ್ವಂತ ರಕ್ಷಣೆಯನ್ನೂ ಎಬ್ಬಿಸುತ್ತದೆ. ನೂರಕ್ಕೆ ಒಂದರ ಪ್ರಮಾಣದಲ್ಲಿ, ದುರ್ಬಲ ಹುಳಿಯಲ್ಲಿ ಕರಗಿಸಿ ಬಳಸುವುದು ವಾಡಿಕೆ. ಆದರೆ ಅದರ ಮೂಲ ಹೆಚ್ಚಾಗಿ ಸೀಗಡಿ, ಏಡಿಯ ಚಿಪ್ಪು. ಸಸ್ಯಾಹಾರಿ ಗಿರಾಕಿಗೂ, ಸೀಗಡಿ ಒಗ್ಗದವರಿಗೂ ಇದು ತಿಳಿಯಲೇಬೇಕು. ಹೇಳದೆ ಲೇಪಿಸುವುದು ಅನ್ಯಾಯ. ಮೇಣದ ವಿಷಯದಲ್ಲಿ ನಮ್ಮ ಆಹಾರ ಸುರಕ್ಷತಾ ನಿಯಮಗಳು ತಾಜಾ ಹಣ್ಣಿಗೆ ಜೇನುಮೇಣ, ಕಾರ್ನೂಬ ಮೇಣ, ಅರಗಿನ ಮೇಣಗಳಿಗೆ ಒಪ್ಪಿಗೆ ಕೊಟ್ಟಿವೆ, ಲೇಬಲ್‌ನಲ್ಲಿ ಹೇಳಬೇಕೆಂಬ ಷರತ್ತಿನೊಂದಿಗೆ. ಲೇಪ ದಪ್ಪವಾದರೆ ಹಣ್ಣು ಉಸಿರುಗಟ್ಟಿ ಹುಳಿತ ವಾಸನೆ ಬರುತ್ತದೆ.

13. ತಂಪು ಬೇಕು, ಅತಿ ತಂಪು ಬೇಡ

ದ್ರಾಕ್ಷಿ, ಸೇಬಿಗೆ ಸೊನ್ನೆ ಡಿಗ್ರಿಯ ಹತ್ತಿರ. ಮಾವು, ಬಾಳೆಗೆ ಸುಮಾರು 13. ಅದಕ್ಕಿಂತ ಕೆಳಗೆ ಇಳಿಸಿದರೆ ಸಿಪ್ಪೆ ಕಂದಾಗಿ, ಶೀತದಿಂದ ನೊಂದ ಅಂಗಾಂಶಕ್ಕೆ ಹೊರತೆಗೆದ ಕೂಡಲೇ ಬೂಷ್ಟು ಮುತ್ತುತ್ತದೆ. ಬಗೆಬಗೆಯ ಹಣ್ಣನ್ನು ಒಂದೇ ಕೋಣೆಗೆ ತುಂಬುವವರು ಕಳೆದುಕೊಳ್ಳುವುದು ಇಲ್ಲಿ.

ಶೀತಲಗೃಹ ಕೈಗೆಟುಕದವರಿಗೆ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ವಿದ್ಯುತ್ ಬೇಡದ ತಂಪುಗೂಡು ಇದೆ. ನೆರಳಿನಲ್ಲಿ ಇಟ್ಟಿಗೆಯ ಜೋಡಿ ಗೋಡೆ ಕಟ್ಟಿ, ನಡುವಿನ ಏಳೂವರೆ ಸೆಂಟಿಮೀಟರ್ ಸಂದಿಗೆ ಮರಳು ತುಂಬಿ, ದಿನಕ್ಕೆರಡು ಬಾರಿ ನೀರುಣಿಸಿ, ಮೇಲೆ ಒದ್ದೆ ಗೋಣಿಯೋ ಲಾವಂಚದ ತಡಿಕೆಯೋ ಹೊದಿಸಿದರೆ ಕಡುಬೇಸಿಗೆಯಲ್ಲಿ ಒಳಗೆ ಹತ್ತು ಡಿಗ್ರಿಗೂ ಮಿಕ್ಕಿ ತಂಪು ಸಿಗುತ್ತದೆ. ಕೋಲಾರ, ಕೊಪ್ಪಳ, ವಿಜಯಪುರದಂಥ ಒಣಹವೆಯ ಕಡೆ ಇದಕ್ಕೆ ಸಾಟಿಯಿಲ್ಲ. ಮಳೆಗಾಲದ ಮಲೆನಾಡು, ಕರಾವಳಿಯಲ್ಲಿ ಗಾಳಿಯೇ ಒದ್ದೆಯಾಗಿರುವುದರಿಂದ ನೀರು ಆರುವುದಿಲ್ಲ, ತಂಪೂ ಬರುವುದಿಲ್ಲ. ಅಲ್ಲಿ ಇಟ್ಟಿಗೆಗೆ ದುಡ್ಡು ಹಾಕಬೇಡಿ.

ತಂಪಿನಿಂದ ಹೊರತೆಗೆದ ಕಾಯಿಯನ್ನು ಹಣ್ಣಿಗೆ ಹಾಕುವಾಗ ಒಣ ಹೊಸ ಹುಲ್ಲು ಬಳಸಿ, ಮುಗ್ಗಿದ ಹುಲ್ಲು ಬೇಡ. ಕಾಯಿ ಮಾಗಿಸಲು ಕ್ಯಾಲ್ಸಿಯಂ ಕಾರ್ಬೈಡ್ ಬಳಸುವುದು ಕಾನೂನಿನಂತೆ ನಿಷಿದ್ಧ. ಕೋಣೆಯಲ್ಲಿ ಹದವಾದ ಎಥಿಲೀನ್ ಅನಿಲಕ್ಕೆ ಅನುಮತಿ ಇದೆ. ಎರಡು ಮೂರು ದಿನ ಮುಂಚೆ ಮಾರಬಹುದೆಂದು ಎಳೆಗಾಯಿ ಕಿತ್ತು ಕಾರ್ಬೈಡ್ ಇಟ್ಟ ಹಣ್ಣಿಗೆ ರುಚಿಯೂ ಇಲ್ಲ, ಬಾಳಿಕೆಯೂ ಇಲ್ಲ.

14. ಎರಡು ಕ್ರೇಟು ಇಟ್ಟು ನೋಡಿ

ಇಷ್ಟನ್ನೂ ಒಂದೇ ಹಂಗಾಮಿನಲ್ಲಿ ಮಾಡಲು ಹೊರಡಬೇಡಿ. ಒಂದೇ ಮರದ, ಒಂದೇ ದಿನ ಕೊಯ್ದ ಕಾಯಿಯನ್ನು ಎರಡು ಕ್ರೇಟಿಗೆ ಹಂಚಿ. ಒಂದಕ್ಕೆ ಬಿಸಿನೀರಿನ ಸ್ನಾನ ಮಾಡಿಸಿ, ಇನ್ನೊಂದನ್ನು ಹಾಗೇ ಬಿಡಿ. ಎರಡಕ್ಕೂ ಸುಣ್ಣದಲ್ಲಿ ಗುರುತು ಹಾಕಿ ಒಂದೇ ನೆರಳಿನಲ್ಲಿಡಿ. ಐದನೇ, ಎಂಟನೇ, ಹನ್ನೊಂದನೇ ದಿನ ತೆರೆದು ಚುಕ್ಕಿ ಬಂದವೆಷ್ಟು, ತೊಟ್ಟು ಕೊಳೆತವೆಷ್ಟು, ಚೊಕ್ಕಟವಾಗಿ ಉಳಿದವೆಷ್ಟು ಎಂದು ಬೇರೆ ಬೇರೆಯಾಗಿ ಎಣಿಸಿ ಬರೆದಿಡಿ. ಚುಕ್ಕಿ ಹೆಚ್ಚಿದ್ದರೆ ತಪ್ಪು ತೋಟದ ಸ್ವಚ್ಛತೆಯಲ್ಲಿ ಅಥವಾ ನೀರಿನ ಬಿಸಿಯಲ್ಲಿ. ಚುಕ್ಕಿಗಳು ತೊಟ್ಟಿನಿಂದ ಕೆಳಗೆ ಕಣ್ಣೀರು ಹರಿದಂತೆ ಸಾಲುಗಟ್ಟಿದ್ದರೆ ಅದು ಮರದ ಮೇಲಿದ್ದಾಗ ಮಳೆನೀರಿನ ಜತೆ ಇಳಿದ ಚಿಬ್ಬು, ಮುಂದಿನ ಸಲ ರೆಂಬೆ ಸವರುವುದನ್ನು ಬಿಗಿ ಮಾಡಿ. ತೊಟ್ಟು ಕೊಳೆ ಹೆಚ್ಚಿದ್ದರೆ ಕೊಯ್ಲಿನ ಕತ್ತಿಯನ್ನೂ ಕಾಯಿ ಇಟ್ಟ ನೆಲವನ್ನೂ ನೋಡಿ. ಸಿಪ್ಪೆ ಕಂದಿದ್ದರೆ ಥರ್ಮಾಮೀಟರನ್ನು ಪರೀಕ್ಷಿಸಿ. ಆ ಪಟ್ಟಿ ಹಿಡಿದು ಹತ್ತಿರದ ತೋಟಗಾರಿಕೆ ಇಲಾಖೆಯ ಕಚೇರಿಗೋ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೋ ಹೋದರೆ ಕೇಳುವ ಪ್ರಶ್ನೆ ಖಚಿತವಾಗಿರುತ್ತದೆ, ಸಿಗುವ ಉತ್ತರವೂ ನಿಮ್ಮ ತೋಟಕ್ಕೆ ಹೊಂದುವಂತಿರುತ್ತದೆ.